ಬೀಜಿಂಗ್‌ನ ಬೇಸಿಗೆ ಅರಮನೆ: ಪೂರ್ವದ ಬಾಗಿಲಿಂದಲೇ ಒಳಗೆ ಹೋಗಿ

ಬೇಸಿಗೆ ಅರಮನೆ, ಅಂದರೆ ಯಿಹೆಯುವಾನ್ ನೋಡಲು ಹೋಗುವವರು ಎಡವುವುದು ಮೆಟ್ರೊ ಇಳಿಯುವಾಗಲೇ. 4ನೇ ಮಾರ್ಗದ ಬೇಗಾಂಗ್‌ಮೆನ್ ನಿಲ್ದಾಣ ಉತ್ತರದ ಬಾಗಿಲಿಗೆ ತೀರಾ ಹತ್ತಿರ ಎಂದು ಎಲ್ಲರೂ ಅಲ್ಲಿಯೇ ಇಳಿಯುತ್ತಾರೆ. ಆದರೆ ಒಳಗೆ ಕಾಲಿಡುತ್ತಿದ್ದಂತೆ ಗುಡ್ಡ. ಹತ್ತಿ ಇಳಿಯುವಷ್ಟರಲ್ಲಿ ಮಂಡಿ ಸೋತು, ಅರಮನೆ ಎದುರಾದಾಗ ನೋಡುವ ಉತ್ಸಾಹವೇ ಉಳಿದಿರುವುದಿಲ್ಲ. ಒಂದು ನಿಲ್ದಾಣ ಮೊದಲು, ಶಿಯುವಾನ್‌ನಲ್ಲಿ ಇಳಿದು ಪೂರ್ವದ ಬಾಗಿಲಿಗೆ ನಡೆಯಿರಿ.

ಟಿಕೆಟ್ ಮುಂಚಿತವಾಗಿ ಕಾಯ್ದಿರಿಸಿ, ಪಾಸ್‌ಪೋರ್ಟ್ ಜೊತೆಗಿರಲಿ. ಎಲ್ಲ ಭಾಗಗಳಿಗೂ ಸೇರಿದ ಟಿಕೆಟನ್ನೇ ಕೊಳ್ಳಿ. ಒಳಗಿನ ಕಟ್ಟಡಗಳು ಉದ್ಯಾನಕ್ಕಿಂತ ಮೊದಲೇ ಮುಚ್ಚುತ್ತವೆ, ಆದ್ದರಿಂದ ಬೆಳಿಗ್ಗೆಯೇ ಹೋಗಬೇಕು. ಚೀನಾ ಗೋಡೆ ಮತ್ತು ಇದನ್ನು ಒಂದೇ ದಿನದಲ್ಲಿ ತೋರಿಸುವ ಪ್ಯಾಕೇಜ್ ಟೂರ್ ಬೇಡವೇ ಬೇಡ.

ಮೊದಲ ದರ್ಬಾರು ಭವನಕ್ಕೆ ಐದು ನಿಮಿಷ ಸಾಕು. ನಿಲ್ಲಬೇಕಾದದ್ದು ಅದರ ಹಿಂದಿನ ಯುಲಾನ್‌ತಾಂಗ್‌ನಲ್ಲಿ. 1898ರಲ್ಲಿ ಸುಧಾರಣೆಗೆ ಹೊರಟ ಗುವಾಂಗ್‌ಶು ಚಕ್ರವರ್ತಿಯನ್ನು ಅಧಿಕಾರ ಹಿಡಿದಿದ್ದ ದೊಡ್ಡಮ್ಮ, ರಾಜಮಾತೆ ಸಿಶಿ ಇಲ್ಲಿ ಗೃಹಬಂಧನದಲ್ಲಿಟ್ಟಳು. ಅಕ್ಕಪಕ್ಕದ ಕೋಣೆಗಳಿಗೆ ಹೋಗಿ ನೋಡಿ: ಅವನು ಹೊರಹೋಗದಂತೆ ದಾರಿಗೆ ಅಡ್ಡಲಾಗಿ ಕಟ್ಟಿದ ಇಟ್ಟಿಗೆ ಗೋಡೆ ಇನ್ನೂ ಇದೆ. ಅವಳ ಮನೆ ಲೆಶೌತಾಂಗ್ ಇರುವುದು ಇಲ್ಲಿಂದ ಕೂಗಳತೆಯಲ್ಲಿ. ಇದನ್ನು ನೋಡದೆ ಮುಂದೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಂತರ ಸರೋವರದ ದಡದ ಉದ್ದ ಮೊಗಸಾಲೆ, 728 ಮೀಟರ್. ಇಲ್ಲಿ ಫೋನ್ ಜೇಬಿಗೆ ಹಾಕಿ, ತಲೆ ಮೇಲೆತ್ತಿ. ಒಂದೊಂದು ತೊಲೆಯ ಮೇಲೂ ಬೇರೆ ಬೇರೆ ಚಿತ್ರ. ಎಲ್ಲವನ್ನೂ ನೋಡಲು ಹೋದರೆ ಕತ್ತು ನೋವಷ್ಟೇ. ಹತ್ತು ತೊಲೆ ಆರಿಸಿಕೊಂಡು ಸರಿಯಾಗಿ ನೋಡಿ, ದಣಿದರೆ ಅಂಚಿನ ಜಗಲಿಯ ಮೇಲೆ ಕುಳಿತುಕೊಳ್ಳಿ. ಚೀನೀ ಕಥೆಯ ಕೋತಿರಾಯನ ಜೊತೆ ಒಬ್ಬ ಭಿಕ್ಷು ಕಂಡರೆ ಗುರುತು ಹಿಡಿಯಿರಿ: ಅವನು ಹ್ಯೂಯೆನ್ ತ್ಸಾಂಗ್, ನಮ್ಮ ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದಿಟ್ಟವನೇ.

ಮೊಗಸಾಲೆಯ ಮಧ್ಯದಿಂದ ಬುದ್ಧನ ಗೋಪುರಕ್ಕೆ ಹತ್ತಿ. ಮೆಟ್ಟಿಲು ಕಡಿದಾಗಿವೆ, ನಿಧಾನವಾಗಿ. ಮೇಲಿಂದ ಕಾಣುವ ಸರೋವರವನ್ನು ಚಿಯನ್‌ಲಾಂಗ್ ಚಕ್ರವರ್ತಿ 1750ರಲ್ಲಿ ಅಗಲಿಸಿದ; ಅಗೆದ ಮಣ್ಣು ಬಿದ್ದದ್ದು ಈ ಗುಡ್ಡದ ಮೇಲೆ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಇಲ್ಲಿನ ಬಹುಪಾಲನ್ನು ಸುಟ್ಟರು. ನೌಕಾಪಡೆಯ ಹಣವನ್ನು ತಿರುಗಿಸಿ ಸಿಶಿ ಮತ್ತೆ ಕಟ್ಟಿಸಿದಳು.

ಮೊಗಸಾಲೆ ಮುಗಿಯುವಲ್ಲಿರುವ ಅಮೃತಶಿಲೆಯ ದೋಣಿಯನ್ನು ಹತ್ತಿರದಿಂದ ನೋಡಿ: ತಳ ಕಲ್ಲು, ಮೇಲಿನದು ಕಲ್ಲಿನಂತೆ ಬಣ್ಣ ಬಳಿದ ಮರ. ಅಲ್ಲಿ ನೆರಳಲ್ಲಿ ಮಾರುವ ಅಗ್ಗದ ಹಸಿರು ಬಳೆಗಳು ಜೇಡ್ ಎಂಬ ಬೆಲೆಬಾಳುವ ಕಲ್ಲಿನವಲ್ಲ, ಕೊಳ್ಳಬೇಡಿ.

ದೋಣಿ ಹಿಡಿದು 17 ಕಮಾನಿನ ಸೇತುವೆಯ ಕಡೆಗೆ ದಾಟಿದರೆ ಅರ್ಧ ನಡಿಗೆ ತಪ್ಪುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದರಿಂದ ದೋಣಿ ಇರುವುದಿಲ್ಲ. ಸೇತುವೆ ನೋಡಿದ ಮೇಲೆ ಉತ್ತರಕ್ಕೆ ವಾಪಸಾಗಬೇಡಿ, ಪಕ್ಕದ ಶಿನ್‌ಜಿಯನ್ ಬಾಗಿಲಿಂದ ಹೊರಬನ್ನಿ.