ಬಾರದ ಬಿಲ್ಲು, ಬೌನ್ಸಾದ ಚೆಕ್ಕು: ನನ್ನ ಅನುಭವ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ನಮ್ಮಂಥ ಸಣ್ಣ ಮಷಿನ್ ಶಾಪ್‌ಗಳು ಕೋರ್ಟಿನ ಮೆಟ್ಟಿಲು ಹತ್ತುವುದು ಬಹುಪಾಲು ಒಂದೇ ಕಾರಣಕ್ಕೆ: ಮಾಲು ಹೋಗಿದೆ, ದುಡ್ಡು ಬಂದಿಲ್ಲ. ಕೇಳಿದರೆ ಮೊದಮೊದಲು "ಬರೋ ವಾರ ಹಾಕಿಸ್ತೀನಿ ಸಾರ್" ಅನ್ನುತ್ತಾರೆ. ನೋಟಿಸು ಹೋದ ಮೇಲೆ "ನಿಮ್ಮ ಮಾಲೇ ಸರಿ ಇರಲಿಲ್ಲ" ಅನ್ನುತ್ತಾರೆ. ಈ ಎರಡನೇ ಮಾತಿಗೆ ಉತ್ತರ ಮಾಲು ಇಳಿಸಿದ ದಿನವೇ ತಯಾರಾಗಿರಬೇಕು.

ಅದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವುದು ಡೆಲಿವರಿ ಚಲನ್‌ಗೆ, ಅಂದರೆ ಮಾಲಿನ ಜತೆ ಹೋಗಿ ಸಹಿಯಾಗಿ ಬರುವ ಚೀಟಿಗೆ. ಗೇಟಿನ ಸೆಕ್ಯುರಿಟಿ ಒತ್ತುವ ಸೀಲೊಂದೇ ಸಾಲದು. ಸ್ಟೋರ್ಸಿನವರ ಸಹಿ, ಅದರ ಕೆಳಗೆ ಓದಲು ಬರುವ ಹೆಸರು, ತಾರೀಖು, ಎಣಿಸಿಕೊಂಡ ಪೀಸುಗಳ ಸಂಖ್ಯೆ ಎಲ್ಲ ಇರಬೇಕು. 2006ರ ಎಂಎಸ್ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತವಾಗಿ ಆಕ್ಷೇಪಣೆ ಕೊಡದಿದ್ದರೆ ಮಾಲು ಒಪ್ಪಿದಂತೆಯೇ ಲೆಕ್ಕ. ಚಲನ್ ಮೇಲೆ ತಾರೀಖಿಲ್ಲದಿದ್ದರೆ ಆ 15 ದಿನ ಎಲ್ಲಿಂದ ಶುರುವಾಯಿತು ಎಂಬುದೇ ವಾದದ ವಿಷಯವಾಗುತ್ತದೆ. ನಮ್ಮ ಬಿಲ್ಲಿನ ಮೇಲೆ ಅವರು ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲಿನ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿದ್ದರೆ ಅದೂ ಒಳ್ಳೆಯ ಸಾಕ್ಷಿ.

ಇದೇ ಕಾಯ್ದೆಯಲ್ಲಿ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ದೊಡ್ಡ ಬಲವಿದೆ. ಹಣ ಕೊಡಲು ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಏನೂ ಬರೆಯದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಇದ್ದರೆ 1 ಲಕ್ಷ ರೂಪಾಯಿ ಬಾಕಿಗೆ ವರ್ಷಕ್ಕೆ ಸುಮಾರು 19,560 ರೂಪಾಯಿ ಬಡ್ಡಿ ಬೀಳುತ್ತದೆ. ಬಾಕಿ ಪತ್ರದಲ್ಲಿ ನಾನು ಈ ಲೆಕ್ಕವನ್ನು ತಿಂಗಳುವಾರು ಟೇಬಲ್ ಹಾಕಿಯೇ ಕಳಿಸುತ್ತೇನೆ. ಜತೆಗೆ ಆದಾಯ ತೆರಿಗೆಯ ಒಂದು ನಿಯಮವನ್ನೂ (1961ರ ಕಾಯ್ದೆಯಲ್ಲಿ ಕಲಂ 43ಬಿ(ಎಚ್)) ನೆನಪಿಸುತ್ತೇನೆ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಅವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಮಾರ್ಚ್ ಹತ್ತಿರವಾದಾಗ ಅವರ ಆಡಿಟರ್‌ಗೆ ಈ ಒಂದು ಸಾಲು ಚೆನ್ನಾಗಿ ಅರ್ಥವಾಗುತ್ತದೆ.

ಅಷ್ಟಕ್ಕೂ ಬಗ್ಗದಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಬಾಕಿ ತಗಾದೆ ತೀರಿಸಲು ಇದೇ ಕಾಯ್ದೆಯಡಿ ಇರುವ ಮಂಡಳಿ) ಆನ್‌ಲೈನ್ ಅರ್ಜಿ. ಮೊದಲು ರಾಜಿ ಮಾತುಕತೆ, ಆಗದಿದ್ದರೆ ಆರ್ಬಿಟ್ರೇಶನ್, ಅಂದರೆ ಮಧ್ಯಸ್ಥರು ತೀರ್ಪು ಕೊಡುವುದು. ಕಾನೂನು ಹೇಳುವ 90 ದಿನವನ್ನು ನಂಬಿ ಕೂರಬೇಡಿ, ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಆದರೆ ನಮ್ಮ ಪರ ತೀರ್ಪು ಬಂದರೆ, ಅದನ್ನು ಪ್ರಶ್ನಿಸಲು ಎದುರಾಳಿ ಶೇ. 75ರಷ್ಟು ಹಣವನ್ನು ಮೊದಲು ಕಟ್ಟಬೇಕು. ಒಂದು ಎಚ್ಚರಿಕೆ: ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಮಾಲು ಕಳಿಸುವ ಮೊದಲೇ ಆಗಿರಬೇಕು. ಜಗಳ ಶುರುವಾದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಿಲ್ಲಿಗೆ ಈ ಲಾಭ ಕೇಳಿದರೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು; 2025ರಲ್ಲಿ ನೋಂದಣಿಯ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದೆ.

ಚೆಕ್ ಬೌನ್ಸ್ ಬೇರೆ ದಾರಿ. ಅಲ್ಲಿ ಕೇಸು ಬಿದ್ದುಹೋಗುವುದು ತಾರೀಖು ತಪ್ಪಿದ್ದಕ್ಕೆ. ಚೆಕ್ಕಿನ ಆಯಸ್ಸು ಮೂರು ತಿಂಗಳು. ಬ್ಯಾಂಕಿನಿಂದ ರಿಟರ್ನ್ ಮೆಮೊ (ಚೆಕ್ ಪಾಸಾಗಲಿಲ್ಲ ಎಂಬ ಚೀಟಿ) ಕೈಗೆ ಬಂದ 30 ದಿನದೊಳಗೆ ನೋಟಿಸು ಹೊರಡಬೇಕು. ನೋಟಿಸು ತಲುಪಿದ ಮೇಲೆ ಅವರಿಗೆ 15 ದಿನ ಕಾಲಾವಕಾಶ. ಅದು ಮುಗಿದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ದೂರು. ಅವಸರಪಟ್ಟು 15 ದಿನ ಮುಗಿಯುವ ಮೊದಲೇ ದೂರು ಹಾಕಿದರೆ ಅದು ನಿಲ್ಲುವುದಿಲ್ಲ. ನೋಟಿಸಿನ 30 ದಿನ ಕೈತಪ್ಪಿದ್ದು, ಚೆಕ್ಕಿನ ಅವಧಿ ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸ ಮೆಮೊ ಪಡೆಯಬಹುದು.

ನೋಟಿಸಿನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು, ಒಂದು ರೂಪಾಯಿ ಆಚೀಚೆ ಆಗಬಾರದು. ಬಡ್ಡಿ, ವಕೀಲರ ಫೀಸು ಕೇಳುವುದಿದ್ದರೆ ಬೇರೆ ಸಾಲಿನಲ್ಲಿ ಬೇರೆಯಾಗಿ ತೋರಿಸಿ. ಚೆಕ್ ಕೊಟ್ಟ ಮೇಲೆ ಅವರು ಸ್ವಲ್ಪ ಹಣ ಕಟ್ಟಿದ್ದರೆ, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೂ ಕೇಸು ಬಿದ್ದುಹೋಗುತ್ತದೆ. ಕಂಪನಿಯ ಚೆಕ್ಕಾದರೆ ಸಹಿ ಹಾಕಿದವರ ಜತೆ ಕಂಪನಿಯನ್ನೂ ಆರೋಪಿ ಮಾಡಲೇಬೇಕು. ದೂರು ಹಾಕುವುದು ನಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ. ಪಾರ್ಟಿ ಕೊಯಮತ್ತೂರಿನವನಾದರೂ ನಾವು ಅಲ್ಲಿಗೆ ಅಲೆಯಬೇಕಿಲ್ಲ. ಅಂಚೆ ರಸೀದಿ ಮತ್ತು ಟ್ರ್ಯಾಕಿಂಗ್ ಪ್ರಿಂಟನ್ನು ಅಂದೇ ತೆಗೆದು ಫೈಲಿಗೆ ಸೇರಿಸಿ. "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಎಂದು ಷರಾ ಬರೆದು ವಾಪಸು ಬಂದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ಚೆಕ್ಕೂ ಇಲ್ಲ, ಉದ್ಯಮ್ ಲಾಭವೂ ಇಲ್ಲ ಅಂದರೆ ಸಿವಿಲ್ ದಾವೆ, ಅದಕ್ಕೆ ಮೂರು ವರ್ಷದ ಗಡುವು. ಅದಕ್ಕೇ ಪ್ರತಿ ಏಪ್ರಿಲ್‌ನಲ್ಲಿ ಲೆಡ್ಜರ್ ಬಾಕಿಗೆ ಅವರ ಸಹಿ ತೆಗೆದುಕೊಳ್ಳುತ್ತೇನೆ. ಗಡುವಿನೊಳಗೆ ಆದ ಲಿಖಿತ ಒಪ್ಪಿಗೆಯಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ.

ರಾಜಿಗೆ ಬಂದರೆ ನಾನು ಒಪ್ಪಿಕೊಳ್ಳುತ್ತೇನೆ, ಆದರೆ ಬಾಯಿಮಾತಿನಲ್ಲಿ ಅಲ್ಲ. ಕಂತಿನ ತಾರೀಖು, ಒಂದು ಕಂತು ತಪ್ಪಿದರೆ ಪೂರ್ತಿ ಬಾಕಿ ಬಡ್ಡಿ ಸಮೇತ ಒಮ್ಮೆಗೇ ಕಟ್ಟಬೇಕೆಂಬ ಷರತ್ತು, ಕೊನೆಯ ಕಂತು ಖಾತೆಗೆ ಬಂದ ಮೇಲೆಯೇ ಹಳೆಯ ಚೆಕ್ ವಾಪಸು. ಇಷ್ಟನ್ನೂ ಬರೆಸಿ ಲೋಕ ಅದಾಲತ್‌ನಲ್ಲಿ ದಾಖಲಿಸುತ್ತೇನೆ. ಅಲ್ಲಿನ ಅವಾರ್ಡ್‌ಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ. ಕಂತು ತಪ್ಪಿಸಿದರೆ ಮತ್ತೆ ಮೊದಲಿನಿಂದ ಕೇಸು ನಡೆಸದೆ ನೇರವಾಗಿ ಜಾರಿ ಅರ್ಜಿ ಹಾಕಬಹುದು.