ಎಕ್ಸ್‌ರೇಯಲ್ಲಿ ಶ್ವಾಸಕೋಶದ ಗೆರೆ: ಕಷ್ಟವೆಲ್ಲ ಅಂಚಿನಲ್ಲೇ

ಎದೆಯ ಎಕ್ಸ್‌ರೇ ಕೊಟ್ಟರೆ ಶ್ವಾಸಕೋಶದ ಸುತ್ತ ತಾನೇ ಗೆರೆ ಎಳೆಯುವ ಕಂಪ್ಯೂಟರ್ ಮಾಡೆಲ್ ಒಂದನ್ನು ತಯಾರಿಸಿದ್ದೇನೆ. ಗಾಳಿ ತುಂಬಿದ ಜಾಗ ಕಪ್ಪು, ಉಳಿದದ್ದು ಬಿಳಿ, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಮೈ ಹೊರಗಿನ ಗಾಳಿಯೂ ಕಪ್ಪೇ. ಶ್ವಾಸಕೋಶದ ಮೇಲೆ ಪಕ್ಕೆಲುಬುಗಳ ಬಿಳಿ ಪಟ್ಟಿಗಳು ಹಾದುಹೋಗಿರುತ್ತವೆ. ಮೇಲಿನ ತುದಿಗೆ ಕೊರಳ ಮೂಳೆ ಅಡ್ಡ ಬರುತ್ತದೆ. ಬರೀ ಕಪ್ಪು-ಬಿಳುಪಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಉದಾಹರಣೆ ನೋಡಿ ಕಲಿಯುವ ಯು-ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಆರಿಸಿಕೊಂಡೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ವಿನ್ಯಾಸ ಇದು. ಚಿತ್ರಗಳು ಕಡಿಮೆ ಇದ್ದರೂ ಚೆನ್ನಾಗಿ ಕಲಿಯುತ್ತದೆ. ಕಲಿಸಲು ಜಪಾನಿನ ಜೆಎಸ್‌ಆರ್‌ಟಿ (ಅಲ್ಲಿನ ವಿಕಿರಣ ತಂತ್ರಜ್ಞಾನ ಸಂಘ) ಸಂಗ್ರಹದ 247 ಚಿತ್ರಗಳಿದ್ದವು. ಅಮೆರಿಕದ ಮಾಂಟ್ಗಮರಿ ಕೌಂಟಿಯ 138 ಚಿತ್ರಗಳನ್ನೂ ಸೇರಿಸಿದೆ. ಅದರಲ್ಲಿ 58 ಕ್ಷಯದವು. ಆರೋಗ್ಯವಂತರ ಎಕ್ಸ್‌ರೇ ಮಾತ್ರ ನೋಡಿ ಕಲಿತ ಮಾಡೆಲ್, ರೋಗಿಯ ಎದೆ ಕಂಡರೆ ತಬ್ಬಿಬ್ಬಾಗುತ್ತದೆ.

ಚಿತ್ರ ಸಿದ್ಧಮಾಡುವಾಗ ಎರಡು ವಿಷಯ ನೋಡಿಕೊಂಡರೆ ಸಾಕು. ಡೈಕಾಮ್ ಫೈಲಿನಲ್ಲಿ (ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಉಳಿಸುವ ಫೈಲ್) ‘ಮಾನೋಕ್ರೋಮ್1’ ಎಂದಿದ್ದರೆ ಕಪ್ಪು-ಬಿಳುಪು ಉಲ್ಟಾ ಇರುತ್ತದೆ, ತಿರುಗಿಸಿಕೊಳ್ಳಬೇಕು. ಮಾಸ್ಕ್, ಅಂದರೆ ಶ್ವಾಸಕೋಶಕ್ಕೆ 1, ಉಳಿದದ್ದಕ್ಕೆ 0 ಎಂದು ಗುರುತು ಹಾಕಿದ ಚಿತ್ರ, ಚಿಕ್ಕದು ಮಾಡುವಾಗ ನಿಯರೆಸ್ಟ್ ನೇಬರ್ ವಿಧಾನವೇ (ಹತ್ತಿರದ ಪಿಕ್ಸೆಲ್‌ನ ಅಂಕಿಯನ್ನೇ ತೆಗೆದುಕೊಳ್ಳುವುದು) ಇರಲಿ. ಇಲ್ಲದಿದ್ದರೆ 0 ಮತ್ತು 1ರ ನಡುವೆ ಸುಮ್ನೆ ಅರ್ಧಂಬರ್ಧ ಅಂಕಿಗಳು ಹುಟ್ಟಿಕೊಳ್ಳುತ್ತವೆ.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಚಿತ್ರದ ಅಳತೆಗೆ. ಜೆಎಸ್‌ಆರ್‌ಟಿ ಚಿತ್ರ 2048 ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ 0.175 ಮಿ.ಮೀ. ಅದನ್ನು 256ಕ್ಕೆ ಇಳಿಸಿದರೆ ಒಂದು ಪಿಕ್ಸೆಲ್ 1.4 ಮಿ.ಮೀ. ಆಗುತ್ತದೆ. ನಡುಭಾಗಕ್ಕೆ ಇದು ಧಾರಾಳ. ಆದರೆ ಕೆಳಗಡೆ ಪಕ್ಕೆಲುಬೂ ವಪೆಯೂ ಸೇರುವಲ್ಲಿ ಒಂದು ಚೂಪು ಮೂಲೆ ಇದೆ. ಡಾಕ್ಟರುಗಳು ಕಾಸ್ಟೋಫ್ರೆನಿಕ್ ಆಂಗಲ್ ಅನ್ನುತ್ತಾರೆ. ಎದೆಯಲ್ಲಿ ನೀರು ತುಂಬಿದರೆ, ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಮೊಂಡಾಗುವುದು ಆ ಮೂಲೆಯೇ. ಮಾಡೆಲ್ ತಾನೇ ಅದನ್ನು ಮೊಂಡು ಮಾಡಿಬಿಟ್ಟರೆ ಏನು ಪ್ರಯೋಜನ? 512ಕ್ಕೆ ನಿಲ್ಲಿಸಿದೆ.

ಮಾಡೆಲ್ ಎಷ್ಟು ಸರಿ ಅಂತ ಅಳೆಯುವ ಡೈಸ್ ಸ್ಕೋರ್, ಮೂಲೆ ಮೊಂಡಾಗಿದ್ದನ್ನು ಹೇಳುವುದಿಲ್ಲ. ಅದು ನೋಡುವುದು ಮಾಡೆಲ್ ಎಳೆದ ಗೆರೆ, ಸರಿಯಾದ ಗೆರೆ, ಈ ಎರಡರ ಒಳಗಿನ ಜಾಗ ಎಷ್ಟು ಹೊಂದುತ್ತದೆ ಅಂತ. ಶ್ವಾಸಕೋಶ ದೊಡ್ಡದು, ಮೂಲೆ ಪುಟ್ಟದು. ಮೂಲೆ ಪೂರ್ತಿ ಹೋದರೂ ಸ್ಕೋರ್ 0.95ರ ಮೇಲೇ ಕುಳಿತಿರುತ್ತದೆ. ಅದಕ್ಕೇ ಹೌಸ್‌ಡಾರ್ಫ್ ದೂರವನ್ನೂ ಲೆಕ್ಕ ಹಾಕಿದೆ. ಗೆರೆ ಎಲ್ಲಿ ಅತಿ ಹೆಚ್ಚು ದೂರ ಸರಿದಿದೆಯೋ ಅದನ್ನು ಅದು ಹಿಡಿದುಕೊಡುತ್ತದೆ.

ಆಮೇಲೆ ಹೊಟ್ಟೆಯ ಗಾಳಿ. ಎಡ ವಪೆಯ ಕೆಳಗೆ, ಅಂದರೆ ಚಿತ್ರದ ಬಲಭಾಗದಲ್ಲಿ, ಜಠರದ ಗಾಳಿ ದುಂಡಗೆ ಕಪ್ಪಾಗಿ ಕಾಣುತ್ತದೆ. ಮಾಡೆಲ್ ಆಗಾಗ ಅದನ್ನೂ ಶ್ವಾಸಕೋಶವೆಂದೇ ಗುರುತಿಸುತ್ತದೆ. ಎಲ್ಲರೂ ಹೇಳುವ ಉಪಾಯ: ಮಾಡೆಲ್ ಗುರುತಿಸಿದ್ದರಲ್ಲಿ ದೊಡ್ಡ ಎರಡು ತುಂಡು ಇಟ್ಟುಕೊಂಡು ಉಳಿದದ್ದು ಅಳಿಸು. ಬಹುಪಾಲು ಚಿತ್ರಗಳಿಗೆ ಸರಿಹೋಗುತ್ತದೆ. ಆದರೆ ರೋಗದಿಂದ ಒಂದು ಶ್ವಾಸಕೋಶ ಪೂರ್ತಿ ಬೆಳ್ಳಗಾಗಿ, ಮಾಡೆಲ್ ಅದನ್ನು ಗುರುತಿಸದೇ ಹೋದರೆ? ಎರಡನೇ ದೊಡ್ಡ ತುಂಡು ಈ ಗಾಳಿಗುಳ್ಳೆಯೇ ಆಗಿಬಿಡಬಹುದು!

ಈಗ ಎರಡೂ ತುಂಡುಗಳ ವಿಸ್ತೀರ್ಣ ಹೋಲಿಸುತ್ತೇನೆ. ವ್ಯತ್ಯಾಸ ತೀರಾ ಜಾಸ್ತಿ ಇದ್ದರೆ ಏನನ್ನೂ ಅಳಿಸುವುದಿಲ್ಲ. ಆ ಚಿತ್ರ ನೇರವಾಗಿ ರೇಡಿಯಾಲಜಿಸ್ಟ್ ಮುಂದೆ ಹೋಗುತ್ತದೆ, ಗೆರೆಯನ್ನು ಅವರೇ ಎಳೆಯುತ್ತಾರೆ.