ಎಂಟು ವೋಲ್ಟ್ ತೋರಿಸಿಕೊಟ್ಟ ತಪ್ಪು: ತಿರುಗುಮುರುಗಾದ ಟ್ರಾನ್ಸಿಸ್ಟರ್ ಮತ್ತು ನನ್ನ ಅನುಭವ

ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ನೋಡಿ ಮೋಟಾರು ನಡೆಸುವ ಬೋರ್ಡನ್ನು ಐದಾರು ವರ್ಷಗಳ ಹಿಂದೆ ನಾನೇ ಕಟ್ಟಿದ್ದೆ. ಅದರಲ್ಲಿ ರಿಲೇಯನ್ನು (ಮೋಟಾರನ್ನು ಆನ್-ಆಫ್ ಮಾಡುವ ವಿದ್ಯುತ್ಕಾಂತದ ಸ್ವಿಚ್ಚನ್ನು) ಎಳೆಯುವ ಬಿ.ಸಿ. 547 (BC547) ಟ್ರಾನ್ಸಿಸ್ಟರ್ ಸುಟ್ಟುಹೋದಾಗ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದಿಟ್ಟಿದ್ದ ಪ್ಲಾಸ್ಟಿಕ್ ಮೈಯ 2222 ಟ್ರಾನ್ಸಿಸ್ಟರ್ ಒಂದನ್ನು ಅದೇ ರಂಧ್ರಗಳಿಗೆ ಬೆಸುಗೆ ಹಾಕಿದೆ. ಆಮೇಲೆ ರಿಲೇ ತಾನಾಗಿ ಎಳೆಯಲೇ ಇಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಆರ್ಮೇಚರನ್ನು (ರಿಲೇಯೊಳಗಿನ ಚಲಿಸುವ ಪಟ್ಟಿಯನ್ನು) ಒತ್ತಿದರೆ ಮಾತ್ರ ಅಂಟಿಕೊಂಡು, ಟ್ಯಾಂಕು ತುಂಬಿದರೂ ಬಿಡುತ್ತಿರಲಿಲ್ಲ.

ಮೊದಲು ಅರವತ್ತು ರೂಪಾಯಿ ಕೊಟ್ಟು ರಿಲೇ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಟ್ರಾನ್ಸಿಸ್ಟರನ್ನು ನಿಯಂತ್ರಿಸುವ ಕಾಲಾದ ಬೇಸಿನ 4.7 ಕಿಲೋ ಓಮ್ ರೆಸಿಸ್ಟರ್ ತೆಗೆದು 1 ಕಿಲೋ ಹಾಕಿದಾಗ ರಿಲೇ ಎಳೆಯಿತು, ಆದರೆ ಆ ರಾತ್ರಿ ಮೋಟಾರು ನಿಲ್ಲದೆ ತಾರಸಿಯೆಲ್ಲ ನೀರಾಯಿತು. ಜೊತೆಯ ರಿಪೇರಿಯವರು ಬೋರ್ಡನ್ನೇ ಎಸೆದು ಸಾವಿರದೆಂಟುನೂರರ ಹೊಸದನ್ನು ತರಲು ಹೇಳಿದರು. ದೋಷವು ಎರಡು ರೂಪಾಯಿಯ ಬಿಡಿಭಾಗದಲ್ಲೇ ಇದೆ ಎಂಬ ನನ್ನ ಮಾತನ್ನು ಯಾರೂ ನಂಬಲಿಲ್ಲ.

ಬೇಸನ್ನು ತಂತಿಯಿಂದ ಗ್ರೌಂಡಿಗೆ ಸೇರಿಸಿ, ರಿಲೇಯ ಕಾಯಿಲಿಗೆ ಸೇರುವ ಕಾಲು ಕೂರುವ ಕಲೆಕ್ಟರ್ ಪ್ಯಾಡಿನಲ್ಲಿ ಅಳೆದೆ. ಟ್ರಾನ್ಸಿಸ್ಟರ್ ಆಫ್ ಇದ್ದರೆ ಅಲ್ಲಿ 12 ವೋಲ್ಟ್ ಇರಬೇಕು, ಶಾರ್ಟ್ ಆಗಿದ್ದರೆ ಸೊನ್ನೆ. ಮೀಟರು ತೋರಿಸಿದ್ದು ಸುಮಾರು 8. ಅಂದರೆ ಕಲೆಕ್ಟರಿನ ಜಾಗದಲ್ಲಿ ಕುಳಿತಿದ್ದುದು ಗ್ರೌಂಡಿಗೆ ಸೇರಬೇಕಿದ್ದ ಕಾಲು, ಎಮಿಟರ್. ಅದು ಬೇಸಿನ ಕಡೆಗೆ ಝೀನರ್ ಡಯೋಡಿನಂತೆ ಒಡೆದು (ಒಂದು ಮಟ್ಟದ ವೋಲ್ಟೇಜು ದಾಟಿದಾಗ ಹಿಮ್ಮುಖವಾಗಿ ವಿದ್ಯುತ್ ಬಿಟ್ಟು), 400 ಓಮಿನ ಕಾಯಿಲಿನಲ್ಲಿ 10 ಮಿಲಿ ಆಂಪಿಯರಿನಷ್ಟು ಹರಿಸುತ್ತಿತ್ತು. ರಿಲೇಯನ್ನು ಎಳೆಯಲು ಅದು ಸಾಲದು, ಹಿಡಿದಿಡಲು ಸಾಕು. ಭೂತಗನ್ನಡಿಯಲ್ಲಿ ನೋಡಿದಾಗ ಮೈಮೇಲೆ ಪಿಎನ್2222ಎ ಎಂದಿತ್ತು. ಪಿ2ಎನ್2222ಎ ಆಗಿದ್ದರೆ 547ರ ಕಾಲುಗಳ ಕ್ರಮವೇ ಇರುತ್ತಿತ್ತು, ಇದರದ್ದು ಸರಿಯಾಗಿ ಅದರ ತಿರುಗುಮುರುಗು.

ತೆಗೆದದ್ದನ್ನು ಮೀಟರಿನ ಎಚ್‌ಎಫ್‌ಇ ಸಾಕೆಟ್ಟಿಗೆ (ಗೇನ್, ಅಂದರೆ ಬೇಸಿನ ಪ್ರವಾಹ ಎಷ್ಟು ಪಟ್ಟಾಗುತ್ತದೆ ಎಂದು ತೋರಿಸುವ ಸಾಕೆಟ್ಟಿಗೆ) ಹಾಕಿದಾಗ ನೇರವಾಗಿ ನೂರೈವತ್ತರ ಆಸುಪಾಸು, ತಿರುಗಿಸಿದರೆ ಆರೇಳು ಬಂತು. 1 ಕಿಲೋ ಹಾಕಿದಾಗ ರಿಲೇ ಎಳೆದದ್ದು ಈ ಆರೇಳರ ಬಲದಿಂದಲೇ. ಹಾಗೆಯೇ 10 ಕಿಲೋ ಓಮಿನ ಮೂಲಕ ಎಮಿಟರ್-ಬೇಸನ್ನು ಹಿಮ್ಮುಖವಾಗಿ ಒಡೆಸಿ, ಆಂಪ್ಲಿಫೈಯರಿಗೆ ಕೊಟ್ಟು, ಮಳೆ ಸುರಿದಂತಹ ನಾಯ್ಸನ್ನು ಸ್ಪೀಕರಿನಲ್ಲಿ ಬಹಳ ಹೊತ್ತು ಕೇಳಿದೆ. ಹೀಗೆ ಒಡೆದ ಟ್ರಾನ್ಸಿಸ್ಟರಿನ ಗೇನ್ ಕುಗ್ಗುವುದರಿಂದ ಅದನ್ನು ಮರಳಿ ಬಳಸಲಿಲ್ಲ. 

ಅದೇ ಪೊಟ್ಟಣದ ಹೊಸ ಪಿಎನ್2222ಎ ಒಂದನ್ನು ಚಪ್ಪಟೆ ಮುಖ ಆಚೆಗೆ ಬರುವಂತೆ ತಿರುಗಿಸಿ ಹಾಕಿ, 4.7 ಕಿಲೋ ಓಮನ್ನು ಮರಳಿ ಕೂರಿಸಿದೆ. ಎರಡು ಮಳೆಗಾಲ ಕಳೆದಿದೆ. ಟ್ಯಾಂಕು ತುಂಬಿದ ಕ್ಷಣದಲ್ಲಿ ರಿಲೇ ಟಕ್ಕೆಂದು ಬಿಡುತ್ತದೆ, ಕಲೆಕ್ಟರಿನಲ್ಲಿ ಪೂರ್ತಿ 12 ವೋಲ್ಟ್ ನಿಲ್ಲುತ್ತದೆ.